ಉಡಕಿಯಾದ ಮುತ್ತಜ್ಜಿ ಮಗನನ್ನು ಬಿಟ್ಟು ಹೋದಳೇ?

ಪ್ರಶ್ನೆ: ನಮ್ಮದು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಹಳೆ ಮನೆ ಕೆಡವುವಾಗ ಅಜ್ಜನ ಟ್ರಂಕಿನಲ್ಲಿ ಒಂದಷ್ಟು ಕಾಗದ ಸಿಕ್ಕವು. ಅಜ್ಜನ ಅಪ್ಪ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಹೋದರು. ಆಗ ಅಜ್ಜನಿಗೆ ನಾಲ್ಕು ವರ್ಷ. ಅವರ ಅವ್ವ, ಅಂದರೆ ನನ್ನ ಮುತ್ತಜ್ಜಿ, 1921ರಲ್ಲಿ ಪಕ್ಕದ ಊರಿನವರೊಬ್ಬರ ಜೊತೆ ಉಡಕಿ, ಅಂದರೆ ಮರುಮದುವೆ, ಆದಳು. ಅವರಿಬ್ಬರಿಗೂ ಮೊದಲೇ ಮನಸ್ಸಿತ್ತು ಎಂದು ಊರ ಹಿರಿಯರು ಹೇಳುತ್ತಿದ್ದರು. ಅಜ್ಜ ತಮ್ಮ ಕಾಕಾನ ಮನೆಯಲ್ಲಿ ಬೆಳೆದರು. ನಮ್ಮ ಮನೆಯಲ್ಲಿ ಆಕೆಯನ್ನು ‘ಮಗನ್ನ ಬಿಟ್ಟು ಹೋದಾಕಿ’ ಅಂತಲೇ ಕರೆಯುತ್ತಾರೆ. ಅಜ್ಜ ಕೊನೆಯವರೆಗೂ ಆಕೆಯ ಮಾತು ಎತ್ತಲಿಲ್ಲ. ಸಿಕ್ಕ ಕಾಗದಗಳಲ್ಲಿ ಒಂದು ಹಳೆ ವರ್ದಿ (ಹೊಲದ ದಾಖಲೆಯಲ್ಲಿ ಹೆಸರು ಬದಲಿಸಿದ ಕಾಗದ) ಇದೆ. ಅದರಲ್ಲಿ ಅಜ್ಜನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದಿದ್ದದ್ದನ್ನು ಹೊಡೆದು ಕಾಕಾನ ಹೆಸರು ಬರೆದಿದ್ದಾರೆ. ಕೆಳಗೆ ಹೆಬ್ಬೆಟ್ಟಿನ ಗುರುತುಗಳಿವೆ. ವಿಧವೆಯರ ಮರುಮದುವೆಗೆ ಬ್ರಿಟಿಷರು ಕಾನೂನು ಮಾಡಿದ್ದರಲ್ಲ, ಹಾಗಿದ್ದರೆ ಮಗ ಯಾಕೆ ಕೈತಪ್ಪಿದ? ಆ ಕಾಲದ ಹಳ್ಳಿ ಹೆಣ್ಣುಮಗಳ ಬಾಳಿನಲ್ಲಿ ಪ್ರೀತಿ ಅನ್ನೋದು ಇತ್ತಾ, ಅಥವಾ ನಾನೇ ಸುಮ್ನೆ ಕಲ್ಪಿಸಿಕೊಳ್ಳುತ್ತಿದ್ದೇನಾ? ಆಕೆಯ ಕಥೆ ಬರೆಯಬೇಕು ಅಂತ ಆಸೆ. ದೊಡ್ಡಪ್ಪ ಬೇಡವೇ ಬೇಡ ಅನ್ನುತ್ತಾರೆ. ಮನೆ ಮರ್ಯಾದೆಯ ಮಾತು ಒಂದು ಕಡೆ, ಹೊಲದ ತಕರಾರು ಎದ್ದೀತು ಎಂಬ ಭಯ ಇನ್ನೊಂದು ಕಡೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಮುತ್ತಜ್ಜಿ ಮಗನನ್ನು ಬೇಕೆಂದೇ ಬಿಟ್ಟಳೇ, ಆಕೆಯ ಪ್ರೀತಿ ನಿಜವೇ, ಈಗ ಇದನ್ನು ಕೆದಕಿದರೆ ಮನೆಯವರಿಗೆ ನೋವಾಗುತ್ತದೆಯೇ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಿಮ್ಮ ಮನೆಯಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಒಂದು ಆರೋಪ ಇದೆ, ಅದಕ್ಕೆ ಉತ್ತರ ಕೊಡಲು ಆಕೆ ಇಲ್ಲ. ಹಳೆಯ ಕೋರ್ಟು ಕಾಗದ, ಕಂದಾಯದ ಕಾಗದ ಓದುವುದು ನನ್ನ ಕೆಲಸ. ‘ಮಕ್ಕಳನ್ನು ಬಿಟ್ಟು ಹೋದವಳು’ ಎಂಬ ಮಾತನ್ನು ಬೇರೆ ಮನೆಗಳಲ್ಲೂ ಕೇಳಿದ್ದೇನೆ. ಆ ಮಾತನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಿದಾಗ ಅದು ಬೇರೆಯಾಗಿ ಕಾಣುತ್ತದೆ.

ನೀವು ಹೇಳಿದ ಕಾನೂನು 1856ರದು. ಈಶ್ವರಚಂದ್ರ ವಿದ್ಯಾಸಾಗರರು ಕಲ್ಕತ್ತೆಯಲ್ಲಿ ಹೋರಾಡಿ ತಂದದ್ದು. ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ ಅಲ್ವಾ? ಅದರ ಮೊದಲನೇ ಕಲಮು ಮರುಮದುವೆ ಕಾನೂನುಬದ್ಧ ಎನ್ನುತ್ತದೆ. ಎರಡನೇ ಕಲಮನ್ನು ಪಾಠದಲ್ಲಿ ಯಾರೂ ಹೇಳುವುದಿಲ್ಲ. ವಿಧವೆ ಮತ್ತೆ ಮದುವೆಯಾದ ಕೂಡಲೇ ಸತ್ತ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕು, ಜೀವನಾಂಶ ಎಲ್ಲ ಹೋಗುತ್ತದೆ. ಅವಳು ಸತ್ತಳು ಎಂಬಂತೆ ಆಸ್ತಿ ಗಂಡನ ಮುಂದಿನ ವಾರಸುದಾರರಿಗೆ ಸೇರುತ್ತದೆ.

ನಿಮ್ಮ ಮನೆಗೆ ಬೇಕಾದದ್ದು ಮೂರನೇ ಕಲಮು. ಗಂಡ ಉಯಿಲು ಬರೆದು ಅವಳನ್ನಾಗಲಿ ಬೇರೆಯವರನ್ನಾಗಲಿ ಮಕ್ಕಳ ಪಾಲಕರಾಗಿ ನೇಮಿಸದೆ ಸತ್ತಿದ್ದರೆ, ಅವಳು ಮರುಮದುವೆಯಾದಾಗ ಗಂಡನ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಅಥವಾ ಅವನ ಕಡೆಯ ಯಾವುದೇ ಗಂಡು ನೆಂಟ ಕೋರ್ಟಿಗೆ ಅರ್ಜಿ ಹಾಕಬಹುದು. ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಿ ಎಂದು ಕೇಳಬಹುದು. ಆಗ ಕೋರ್ಟು ಯಾವ ನಿಯಮ ಹಿಡಿಯಬೇಕು? ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಕ್ಕಳಿಗೆ ಇರುವ ನಿಯಮ. ತಾಯಿ ಪಕ್ಕದ ಊರಿನಲ್ಲಿ ಬದುಕಿದ್ದಾಳೆ, ಕಾನೂನಿನ ಕಣ್ಣಿಗೆ ಆ ಮಗು ತಬ್ಬಲಿ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಮಗುವಿನ ಹೆಸರಿನಲ್ಲಿ ಅದರ ಊಟ, ವಿದ್ಯೆಗೆ ಸಾಕಾಗುವಷ್ಟು ಆಸ್ತಿ ಇಲ್ಲದಿದ್ದರೆ ತಾಯಿಯ ಒಪ್ಪಿಗೆಯಿಲ್ಲದೆ ಬೇರೆ ಪಾಲಕರನ್ನು ನೇಮಿಸುವಂತಿಲ್ಲ. ನೇಮಿಸಲೇಬೇಕೆಂದರೆ ಆ ಪಾಲಕ ಮಗುವಿನ ಖರ್ಚಿಗೆ ಜಾಮೀನು ಕೊಡಬೇಕು. ಇದನ್ನು ನಿಧಾನವಾಗಿ ಓದಿ. ಬಡವರ ಮಗುವಾದರೆ ತಾಯಿಯನ್ನು ಕೇಳಬೇಕು. ಹೊಲವಿರುವ ಮಗುವಾದರೆ ಅವಳನ್ನು ಕೇಳುವ ಅಗತ್ಯವೇ ಇಲ್ಲ.

ನಿಮ್ಮ ಅಜ್ಜನಿಗೆ ಹೊಲವಿತ್ತು. ಆಗಿನ ಹಿಂದೂ ಕಾನೂನಿನಲ್ಲಿ ಮಗ ಇದ್ದರೆ ಹೆಂಡತಿಗೆ ಗಂಡನ ಆಸ್ತಿ ಬರುತ್ತಿರಲಿಲ್ಲ, ಮಗನಿಗೆ ಹೋಗುತ್ತಿತ್ತು. ಹೆಂಡತಿಗೆ ಊಟ ಬಟ್ಟೆಯ ಹಕ್ಕು ಮಾತ್ರ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಮಗನ ಜೊತೆ ಪಾಲು ಸಿಕ್ಕಿದ್ದು 1937ರ ಕಾನೂನಿನಿಂದ, ಅದೂ ಅವಳ ಜೀವ ಇರುವ ತನಕ. ಮೈಸೂರು ಸಂಸ್ಥಾನ ಹೆಂಗಸರ ಆಸ್ತಿ ಹಕ್ಕಿಗೆ 1933ರಲ್ಲೇ ಕಾನೂನು ಮಾಡಿತ್ತು. ಆದರೆ ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಹೀಗಾಗಿ 1918ರ ನಂತರ ಉತಾರದಲ್ಲಿ, ಅಂದರೆ ಹೊಲದ ಹಕ್ಕಿನ ದಾಖಲೆಯಲ್ಲಿ, ಖಾತೆದಾರ ನಾಲ್ಕು ವರ್ಷದ ಹುಡುಗ, ಅವನ ಪರವಾಗಿ ನೋಡಿಕೊಳ್ಳುವವಳು ಅವ್ವ. ‘ಅ.ಪಾ.ಕ.’ ಅಂದರೆ ಅಜ್ಞಾನ ಪಾಲನಕರ್ತ, ವಯಸ್ಸಿಗೆ ಬರದವನ ಪಾಲಕ. ಆ ಮೂರು ವರ್ಷ ಬಿತ್ತನೆ, ಕೂಲಿ, ಕಂದಾಯ ಎಲ್ಲ ಆಕೆಯ ತಲೆ ಮೇಲಿತ್ತು. ಆ ಕಾಯಿಲೆ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತ್ತು. ಮುಂಬಯಿ ಪ್ರಾಂತ್ಯಕ್ಕೆ ಬಿದ್ದ ಪೆಟ್ಟು ತುಂಬಾ ದೊಡ್ಡದು. ದುಡಿಯುವ ವಯಸ್ಸಿನವರೇ ಹೆಚ್ಚು ಸತ್ತರು. ಕಂದಾಯ ಮಾತ್ರ ನಗದಾಗಿ ಕಟ್ಟಲೇಬೇಕು, ಬಾಕಿ ಉಳಿದರೆ ಹೊಲ ಹರಾಜಿಗೆ ಬರಬಹುದು. ಆ ವರ್ಷಗಳಲ್ಲಿ ಹೊಲ ಕೈಬಿಡದಂತೆ ಉಳಿಸಿಕೊಂಡವರು ಯಾರು ಎಂದು ನಿಮ್ಮ ಮನೆಯಲ್ಲಿ ಯಾರೂ ಕೇಳಿಲ್ಲವೇನೋ. ಕಾಗದದ ಪ್ರಕಾರ ಆಕೆಯೇ.

‘ನಮ್ಮಲ್ಲಿ ಉಡಕಿ ಮೊದಲಿನಿಂದ ಇತ್ತಲ್ಲ, ಬ್ರಿಟಿಷರ ಕಾನೂನು ನಮಗ್ಯಾಕೆ’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರ ಕರ್ನಾಟಕದ ಬಹಳಷ್ಟು ಜಾತಿಗಳಲ್ಲಿ ಉಡಕಿ, ಹಳೆ ಮೈಸೂರಿನ ಕಡೆ ಕೂಡಿಕೆ, ಹಿಂದಿನಿಂದಲೂ ನಡೆಯುತ್ತಿತ್ತು. ಮರುಮದುವೆಗೆ ನಿಷೇಧ ಇದ್ದದ್ದು ಮುಖ್ಯವಾಗಿ ಮೇಲ್ಜಾತಿಗಳಲ್ಲಿ, 1856ರ ಕಾನೂನು ಅವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಉಡಕಿ ಇದ್ದ ಜಾತಿಯ ಹೆಣ್ಣಿಗೆ ಅದರಿಂದ ಹೊಸದಾಗಿ ಏನೂ ಸಿಗಲಿಲ್ಲ. ಆದರೆ ಕೋರ್ಟುಗಳು ಅದರ ದಂಡವನ್ನು ಅವಳಿಗೂ ಹಾಕಿದವು. ಮದ್ರಾಸ್ ಹೈಕೋರ್ಟು 1877ರಲ್ಲಿ ಹಾಗೆ ತೀರ್ಪು ಕೊಟ್ಟಿತು. ಮುಂಬಯಿ ಹೈಕೋರ್ಟು 1896ರಲ್ಲಿ ಅದೇ ದಾರಿ ಹಿಡಿಯಿತು. ಅಲಹಾಬಾದ್ ಹೈಕೋರ್ಟು ಒಪ್ಪಲಿಲ್ಲ. ರೂಢಿಯಲ್ಲೇ ಮರುಮದುವೆಗೆ ಅವಕಾಶವಿದ್ದ ಹೆಣ್ಣು ಈ ಕಾನೂನಿನಿಂದ ಆಸ್ತಿ ಕಳೆದುಕೊಳ್ಳಬೇಕಿಲ್ಲ ಎಂದು 1889ರಲ್ಲೇ ಹೇಳಿತ್ತು. ಒಂದೇ ಸರಕಾರ, ಒಂದೇ ಕಾನೂನು. ಗಂಗೆಯ ದಡದಲ್ಲಿದ್ದ ಹೆಣ್ಣಿಗೆ ಒಂದು ನ್ಯಾಯ, ಮಲಪ್ರಭೆಯ ದಡದಲ್ಲಿದ್ದವಳಿಗೆ ಇನ್ನೊಂದು.

ಹಾಗಂತ ರೂಢಿಯೇ ಚೆನ್ನಾಗಿತ್ತು, ಬ್ರಿಟಿಷರು ಬಂದು ಕೆಡಿಸಿದರು ಎಂದೂ ತಿಳಿಯಬೇಡಿ. ಇದೂ ಅಷ್ಟೇ ದೊಡ್ಡ ತಪ್ಪು ತಿಳಿವಳಿಕೆ. ಉಡಕಿಯಾದವಳು ಮೊದಲ ಗಂಡನ ಮನೆಯ ಒಡವೆ, ಹೊಲ ಬಿಟ್ಟು ಹೋಗಬೇಕು, ಮಕ್ಕಳು ಅಪ್ಪನ ವಂಶಕ್ಕೆ ಸೇರಿದವರು ಎಂಬ ಪದ್ಧತಿ ಎಷ್ಟೋ ಜಾತಿಗಳಲ್ಲಿತ್ತು. ಉಡಕಿಯಾದವಳನ್ನು ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಿಸುತ್ತಿದ್ದರು. ಆದರೆ ಊರ ಪಂಚರ ಮುಂದೆ ಚೌಕಾಸಿಗೆ ಜಾಗವಿತ್ತು. ಮಗು ಚಿಕ್ಕದು, ಎರಡು ವರ್ಷ ತಾಯಿಯ ಹತ್ತಿರ ಇರಲಿ ಎಂದು ಯಾರಾದರೂ ಹಿರಿಯರು ಹೇಳಬಹುದಿತ್ತು. ಅಚ್ಚಾದ ಕಾನೂನು, ಹೈಕೋರ್ಟಿನ ತೀರ್ಪು ಎರಡೂ ಒಂದೇ ಕಡೆಯವರ ಕೈಯಲ್ಲಿ ಇದ್ದಾಗ ಅಂಥ ಮಾತಿಗೆ ಬೆಲೆ ಕಮ್ಮಿಯಾಯಿತು.

ಈಗ ಆ ವರ್ದಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳಿ. ಹೆಬ್ಬೆಟ್ಟಿನ ಪಕ್ಕದಲ್ಲಿ ಬರೆದವರ ಕೈಬರಹದಲ್ಲಿ ಹೆಸರಿರುತ್ತದೆ, ಇದು ಇಂಥವರ ಗುರುತು ಎಂದು. ಅದರಲ್ಲಿ ಮುತ್ತಜ್ಜಿಯ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಆಕೆಯನ್ನು ಕರೆಯದೆಯೇ ಕಾಕಾನ ಹೇಳಿಕೆಯ ಮೇಲೆ ಹೆಸರು ತೆಗೆದಿರಬಹುದು. ಇದ್ದರೆ ಆಕೆ ಚಾವಡಿಗೆ ಬಂದು ನಿಂತಿದ್ದಳು ಎಂದಾಯಿತು. ಓದಲು ಬಾರದವಳ ಮುಂದೆ ಆ ಸಾಲುಗಳನ್ನು ಎಷ್ಟರ ಮಟ್ಟಿಗೆ ಓದಿ ಹೇಳಿದರು ಎನ್ನುವುದನ್ನು ಕಾಗದ ಹೇಳುವುದಿಲ್ಲ. ತಾರೀಖನ್ನೂ ನೋಡಿ. ಉಡಕಿಗಿಂತ ಮೊದಲಿನದಾದರೆ ಮಗನನ್ನು ಒಪ್ಪಿಸಿದ ಮೇಲೆಯೇ ಮದುವೆಗೆ ಬಿಟ್ಟರು ಎಂದು ಅರ್ಥ ಬರುತ್ತದೆ. ಆಮೇಲಿನದಾದರೆ ಬೇರೆ ಅರ್ಥ. ಹೊಡೆದು ಹಾಕಿದ ಆ ಒಂದು ಪದದ ಹಿಂದೆ ಮುಂದೆ ನಡೆದದ್ದು ಈ ತಾರೀಖಿನಲ್ಲಿದೆ.

ಹಾಗಾದರೆ ಆಕೆ ಕೋರ್ಟಿಗೆ ಹೋಗಬಹುದಿತ್ತಲ್ಲ? 1890ರ ಪಾಲಕರ ಕಾಯಿದೆ ಮಗುವಿನ ಹಿತ ನೋಡಬೇಕು ಎನ್ನುತ್ತದೆ, ನಿಜ. ಆದರೆ ಕೋರ್ಟು ಅಂದರೆ ಏನೆಂದು ತಿಳಿಯಲು ಮುಂಬಯಿಯ ರುಖ್ಮಾಬಾಯಿಯ ಕಥೆ ನೋಡಿ. ಹನ್ನೊಂದನೇ ವಯಸ್ಸಿಗೆ ಮದುವೆ. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಎಂದಳು. ಗಂಡ 1884ರಲ್ಲಿ ದಾವೆ ಹಾಕಿದ. 1885ರಲ್ಲಿ ಜಡ್ಜ್ ಪಿನ್ಹೆ ಆಕೆಯ ಪರ ತೀರ್ಪು ಕೊಟ್ಟರು. ಅಪೀಲಾಯಿತು. 1887ರಲ್ಲಿ ಕೋರ್ಟು ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು ಎಂದಿತು. ಜೈಲಿಗೇ ಹೋಗುತ್ತೇನೆ ಎಂದಳು ಆಕೆ. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಆಮೇಲೆ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು ಸೂರತ್, ರಾಜಕೋಟೆಗಳಲ್ಲಿ ಕೆಲಸ ಮಾಡಿದಳು. ಗಂಡನ ಜೊತೆ ಬಾಳು ಎಂದು ಕೋರ್ಟಿನಿಂದ ಆಜ್ಞೆ ತರುವ ಈ ದಾವೆ ನಮ್ಮ ಶಾಸ್ತ್ರದ್ದಲ್ಲ, ಇಂಗ್ಲೆಂಡಿನ ಚರ್ಚ್ ಕೋರ್ಟುಗಳಿಂದ ಬಂದದ್ದು. ಆ ಆಜ್ಞೆ ಮೀರಿದರೆ ಜೈಲು ಎಂಬುದನ್ನು ಇಂಗ್ಲೆಂಡ್ 1884ರಲ್ಲೇ ತೆಗೆದುಹಾಕಿತ್ತು. ಇಲ್ಲಿ ಅದು ಹೋಗಲು 1923ರವರೆಗೆ ಕಾಯಬೇಕಾಯಿತು. ರುಖ್ಮಾಬಾಯಿಗೆ ಡಾಕ್ಟರಾಗಿದ್ದ ಮಲತಂದೆ ಇದ್ದರು, ಓದು ಇತ್ತು, ಪತ್ರಿಕೆಗೆ ಬರೆಯುವ ಕೈ ಇತ್ತು, ಇಂಗ್ಲೆಂಡಿನಲ್ಲೂ ಬೆಂಬಲಿಗರಿದ್ದರು. ಅಷ್ಟಿದ್ದೂ ನಾಲ್ಕು ವರ್ಷ ಹಿಡಿಯಿತು. ನಿಮ್ಮ ಮುತ್ತಜ್ಜಿಗೆ ಇದರಲ್ಲಿ ಯಾವುದಿತ್ತು?

ಇನ್ನು ಪ್ರೀತಿ. ‘ಆಗಿನ ಕಾಲದಲ್ಲಿ ಪ್ರೀತಿಗೀತಿ ಇರಲಿಲ್ಲ, ಹಿರಿಯರು ಹೇಳಿದವರ ಜೊತೆ ಬಾಳುತ್ತಿದ್ದರು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರೀತಿ ಇತ್ತು. ಅದು ಕಾಗದಕ್ಕೆ ಬರುತ್ತಿದ್ದದ್ದು ಅಪರಾಧವಾಗಿ ಅಥವಾ ಆಸ್ತಿ ಜಗಳವಾಗಿ. 1860ರ ದಂಡಸಂಹಿತೆಯಲ್ಲಿ 497, 498 ಎಂಬ ಎರಡು ಕಲಮುಗಳಿದ್ದವು. ಒಬ್ಬನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿಗೂ, ಅವಳನ್ನು ಪುಸಲಾಯಿಸಿ ಕರೆದೊಯ್ದವನಿಗೂ ಶಿಕ್ಷೆ. ಹೆಣ್ಣಿಗೆ ಶಿಕ್ಷೆ ಇರಲಿಲ್ಲ. ಇದು ಕರುಣೆಯೆಂದು ಅನ್ನಿಸಬಹುದು. ಆದರೆ ಅವಳು ತಾನಾಗಿ ಹೋದಳೇ, ಅವಳಿಗೆ ಏನು ಬೇಕಿತ್ತು ಎನ್ನುವುದಕ್ಕೆ ಆ ಕಲಮುಗಳಲ್ಲಿ ಜಾಗವೇ ಇರಲಿಲ್ಲ. ದೂರು ಗಂಡನದು, ಆರೋಪಿ ಇನ್ನೊಬ್ಬ ಗಂಡಸು. ಕರಾವಳಿಯ ಅಳಿಯಸಂತಾನದವರ (ತಾಯಿಯ ಕಡೆಯಿಂದ ವಂಶ, ಆಸ್ತಿ ಎಣಿಸುವವರ) ವಿಷಯದಲ್ಲಿ ಮದ್ರಾಸ್ ಹೈಕೋರ್ಟು 1883ರಲ್ಲಿ ಇನ್ನೂ ಮುಂದೆ ಹೋಯಿತು. ಅವರದು ಈ ಕಾನೂನಿನ ಅರ್ಥದಲ್ಲಿ ಮದುವೆಯೇ ಅಲ್ಲ ಎಂದಿತು. ತಲೆಮಾರುಗಳಿಂದ ಬಾಳಿದ ಸಂಸಾರಗಳಿಗೆ ಮದುವೆ ಎಂಬ ಹೆಸರೂ ಉಳಿಯಲಿಲ್ಲ.

ಇನ್ನೊಂದು ಮೊಕದ್ದಮೆ ನಿಮ್ಮ ಮುತ್ತಜ್ಜಿಗೆ ಹತ್ತಿರದ್ದು. ಅಸ್ಸಾಮಿನ ಕೇರಿ ಕೋಲಿತಾನಿ ಎಂಬ ವಿಧವೆಯದು. ಗಂಡನ ಆಸ್ತಿ ಆಕೆಗೆ ಬಂದಿತ್ತು. ಆಮೇಲೆ ಬೇರೊಬ್ಬರ ಸಂಬಂಧ ಬೆಳೆಯಿತು, ನೆಂಟರು ಆಸ್ತಿ ಕಿತ್ತುಕೊಳ್ಳಲು ಕೋರ್ಟಿಗೆ ಹೋದರು. 1880ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗಿನ ಕೊನೆಯ ಅಪೀಲಿನ ಕೋರ್ಟು, ಕೊಟ್ಟ ತೀರ್ಪು: ಒಮ್ಮೆ ಕೈಗೆ ಬಂದ ಆಸ್ತಿ ನಡತೆಯ ಕಾರಣಕ್ಕೆ ಹೋಗುವುದಿಲ್ಲ. ಇದನ್ನು 1856ರ ಕಾನೂನಿನ ಪಕ್ಕದಲ್ಲಿಡಿ. ಗಂಡನ ಹೊಲ ಹೆಸರಿಗಿದ್ದ ವಿಧವೆ ಗುಟ್ಟಾಗಿ ಒಬ್ಬನನ್ನು ಪ್ರೀತಿಸಿದರೆ ಹೊಲ ಉಳಿಯುತ್ತದೆ. ಅವನ ಕೈಯಿಂದ ಸೀರೆ ಉಟ್ಟು ಪಂಚರ ಮುಂದೆ ಹೆಂಡತಿಯಾದರೆ ಹೊಲ ಹೋಗುತ್ತದೆ. ಮಗನ ಪಾಲಕಿಯಾಗಿದ್ದವಳ ಪರಿಸ್ಥಿತಿ ಸ್ವಲ್ಪ ಬೇರೆ, ಆದರೆ ಊರಿನಲ್ಲಿ ಲೆಕ್ಕ ಹೀಗೆಯೇ ಇತ್ತು. ಸುಮ್ಮನೆ ಗುಟ್ಟಾಗಿ ಇದ್ದುಬಿಡು, ಯಾರೂ ಕೇಳಲ್ಲ ಎಂಬ ದಾರಿ ನಿಮ್ಮ ಮುತ್ತಜ್ಜಿಗೂ ಇತ್ತು. ಆಕೆ ಬೆಳಕಿನಲ್ಲಿ ನಿಂತು ಉಡಕಿಯಾದಳು. ನಿಮಗೆ ಪ್ರೀತಿಯ ಪುರಾವೆ ಬೇಕಿದ್ದರೆ ನನಗೆ ಕಾಣುವ ಪುರಾವೆ ಇದೇ. ಮಗನನ್ನು ಬಿಟ್ಟ ನೋವು ಆಕೆಗೆ ಇರಲಿಲ್ಲ ಎಂದು ಇದರಿಂದ ಯಾರೂ ಹೇಳಲಾಗದು. ಎರಡೂ ಪ್ರೀತಿ ಒಟ್ಟಿಗೆ ಉಳಿಯುವ ದಾರಿಯನ್ನು ಆಕೆಗೆ ಯಾರೂ ಇಟ್ಟಿರಲಿಲ್ಲ.

ಆ ಊರಿನ ಹೆಂಗಸರ ಬೀಸುವ ಪದಗಳನ್ನು ಕೇಳಿಸಿಕೊಳ್ಳಿ. ಗಂಡ, ತವರು, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಎಲ್ಲರ ಮೇಲಿನ ಆಸೆ ಅದರಲ್ಲಿದೆ. ಓದು ಬರಹ ಇಲ್ಲದವರ ಮನಸ್ಸು ನಮಗೆ ಸಿಗುವುದು ಅಲ್ಲಿಯೇ. ನಿಮ್ಮ ಊರಿನ ಹಳಬರ ಬಾಯಲ್ಲಿ ಉಡಕಿಯವಳ ಮೇಲೆ, ಮಲಮಕ್ಕಳ ಮೇಲೆ ಹಾಡೇನಾದರೂ ಉಳಿದಿದೆಯೇ ಕೇಳಿ. ಸಿಕ್ಕರೆ ತಕ್ಷಣ ರೆಕಾರ್ಡ್ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಇಷ್ಟೆಲ್ಲ ತಿಳಿದ ಮೇಲೆ ಕಾಕಾನನ್ನು ಖಳನಾಯಕ ಮಾಡುವ ಆಸೆ ಬರುತ್ತದೆ. ಬೇಡ. ಆತ ನಿಮ್ಮ ಅಜ್ಜನನ್ನು ಸಾಕಿದ, ಹೊಲ ಅಜ್ಜನ ಹೆಸರಿನಲ್ಲೇ ಉಳಿದಿದೆ. ಗಂಡನ ಮನೆಯವರೆಲ್ಲ ಒಂದೇ ಥರ ಇರಲಿಲ್ಲ. ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ವಿಧವೆಯಾದಾಗ ಅವರ ಬೆನ್ನಿಗೆ ನಿಂತದ್ದು ಮಾವ ಆನಂದರಾವ್ ಕುಂದಾಪುರ. ಸೊಸೆಗೆ ಓದು, ಸಾರ್ವಜನಿಕ ಕೆಲಸ ಎರಡಕ್ಕೂ ದಾರಿ ಮಾಡಿಕೊಟ್ಟರು.

ಈಗ ನಿಮ್ಮ ಮುಂದಿನ ದಾರಿ. ದಾಖಲೆ ಹುಡುಕಬೇಕು ಅಂದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಶುರು ಮಾಡಿ. ಸರ್ವೆ ನಂಬರ್ ಕೊಟ್ಟು ಹಳೆ ಉತಾರ, ವರ್ದಿಗಳ ದೃಢೀಕೃತ ನಕಲು ಕೇಳಿ. ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿ. 1918ರಿಂದ 1925ರವರೆಗಿನ ಹೆಸರಿನ ಸೂಚಿಯಲ್ಲಿ ಮುತ್ತಜ್ಜಿ, ಕಾಕಾ, ಎರಡನೇ ಗಂಡ ಮೂವರ ಹೆಸರನ್ನೂ ಹುಡುಕಿಸಿ. ಬಿಟ್ಟುಕೊಟ್ಟ ಪತ್ರವೋ ಜೀವನಾಂಶದ ಕರಾರೋ ನೋಂದಣಿಯಾಗಿದ್ದರೆ ಅಲ್ಲಿ ಸಿಗುತ್ತದೆ. ಪಾಲಕರ ಅರ್ಜಿ ಕೋರ್ಟಿಗೆ ಹೋಗಿದ್ದರೆ ಜಿಲ್ಲಾ ಕೋರ್ಟಿನಲ್ಲಿ ವಿಚಾರಿಸಬಹುದು, ಆದರೆ ಅಷ್ಟು ಹಳೆಯ ಫೈಲುಗಳನ್ನು ನಿಯಮದ ಪ್ರಕಾರ ನಾಶ ಮಾಡಿರುವುದು ಸಾಮಾನ್ಯ. ಕೆಲವು ಕಾಗದ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇರಬಹುದು. ಓದಬಲ್ಲವರು ಧಾರವಾಡ, ಬೆಳಗಾವಿ ಕಡೆ ಇನ್ನೂ ಇದ್ದಾರೆ. ಈ ದಾರಿಯಲ್ಲಿ ಇರುವ ಅಪಾಯ ಒಂದೇ: ನೀವು ಬಯಸಿದ ಕಥೆ ಸಿಗದೇ ಹೋಗಬಹುದು. ಹಣ ಪಡೆದು ಹಕ್ಕು ಬಿಟ್ಟೆ ಎಂಬ ಕಾಗದವೂ ಸಿಗಬಹುದು. ಸಿಕ್ಕರೆ ಅದನ್ನೂ ಬರೆಯಲು ತಯಾರಿರಬೇಕು.

ಎರಡನೇ ಮನೆಯವರ ವಿಷಯದಲ್ಲಿ ಮಾತ್ರ ಆತುರ ಬೇಡ. ಮುತ್ತಜ್ಜಿಗೆ ಅಲ್ಲಿ ಮಕ್ಕಳಾಗಿದ್ದರೆ ಅವರ ಮೊಮ್ಮಕ್ಕಳು ಪಕ್ಕದ ಊರಿನಲ್ಲೇ ಇರುತ್ತಾರೆ. ತಮ್ಮ ಅಜ್ಜಿಗೆ ಮೊದಲೊಂದು ಮದುವೆಯಾಗಿತ್ತು ಎಂದು ಅವರಿಗೆ ಗೊತ್ತೇ ಇಲ್ಲದಿರಬಹುದು. ಕಾಗದ ಹಿಡಿದು ಬಾಗಿಲು ಬಡಿಯಬೇಡಿ. ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರ ಕೈಲಿ ಮೊದಲು ಮಾತು ಕಳಿಸಿ. ಅವರು ಒಪ್ಪಿದರೆ ನಿಮಗೆ ಸಿಗುವ ವಿಷಯ ಯಾವ ಕಚೇರಿಯಲ್ಲೂ ಸಿಗದು: ಆಕೆ ಹೇಗಿದ್ದಳು, ಎಷ್ಟು ವರ್ಷ ಬದುಕಿದಳು, ದೊಡ್ಡ ಮಗನ ಮಾತು ಆಡುತ್ತಿದ್ದಳೇ. ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ದೊಡ್ಡಪ್ಪನ ಹೊಲದ ಭಯಕ್ಕೆ ನೇರ ಉತ್ತರ ಕೊಡುತ್ತೇನೆ. ಹೊಲ ಮೊದಲಿನಿಂದಲೂ ಅಜ್ಜನ ಹೆಸರಿನಲ್ಲಿತ್ತು, ಹೋದದ್ದು ಮುತ್ತಜ್ಜಿಯ ಪಾಲನೆಯ ಹಕ್ಕು ಮತ್ತು ಜೀವನಾಂಶ. ಎರಡೂ ಆಕೆಯ ಜೊತೆಗೇ ಮುಗಿದವು, ಅದರಿಂದ ಇವತ್ತು ಯಾರಿಗೂ ಪಾಲು ಹುಟ್ಟುವುದಿಲ್ಲ. ಕಾಕಾ ಪಾಲಕನಾಗಿದ್ದಾಗ ಏನಾದರೂ ಮಾರಿದ್ದರೆ ಅದನ್ನು ಪ್ರಶ್ನಿಸಲು ಅಜ್ಜ ವಯಸ್ಸಿಗೆ ಬಂದ ಮೇಲೆ ಕೆಲವೇ ವರ್ಷದ ಅವಕಾಶ ಇತ್ತು. ಅದು ಮುಗಿದು ಎಷ್ಟೋ ಕಾಲವಾಯಿತು. 1856ರ ಕಾನೂನನ್ನೇ 1983ರಲ್ಲಿ ರದ್ದು ಮಾಡಿದ್ದಾರೆ. ಆದರೂ ಈಗ ಮನೆಯಲ್ಲಿ ವಾಟ್ನಿಯ (ಆಸ್ತಿ ಪಾಲಿನ) ಜಗಳವೇನಾದರೂ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಬರೆಯುವುದನ್ನು ತಡೆಯಿರಿ. ದೊಡ್ಡಪ್ಪನ ಸಮಾಧಾನಕ್ಕೆ ಊರಿನ ವಕೀಲರೊಬ್ಬರಿಗೆ ಉತಾರ ತೋರಿಸಿ, ಅವರ ಬಾಯಿಂದಲೇ ಕೇಳಿಸಿ.

ಬರೆಯುವುದಾದರೆ ನನ್ನ ಸಲಹೆ ಇದು. ಮನೆಯವರಿಗಾಗಿ ಒಂದು ಪ್ರತಿ, ನಿಜ ಹೆಸರು ಹಾಕಿ. ಹೊರಗಿನವರಿಗೆ ಬರೆಯುವಾಗ ಊರು, ಜಾತಿ, ಹೆಸರು ಬದಲಿಸಿ. ಬದುಕಿರುವವರ ಗುರುತು ಹತ್ತದಂತೆ ನೋಡಿಕೊಳ್ಳಿ, ಯಾಕೆಂದರೆ ಹೆಣ್ಣು ನೋಡಲು ಬಂದವರು ಈಗಲೂ ಮೂರು ತಲೆಮಾರಿನ ಹಿಂದಿನ ಉಡಕಿಯ ಮಾತು ಎತ್ತುವುದುಂಟು. ಬೇಸರದ ಮಾತು, ಆದರೆ ಅದರ ಪೆಟ್ಟು ಬೀಳುವುದು ನಿಮ್ಮ ಮನೆಯ ಹುಡುಗಿಯರ ಮೇಲೆ.

ದೊಡ್ಡಪ್ಪನ ಜೊತೆ ಕೂರುವಾಗ ಮೂರನೇ ಕಲಮಿನ ವಿಷಯದಿಂದ ಮಾತು ಶುರು ಮಾಡಿ, ಉಡಕಿಯಿಂದ ಬೇಡ. ತಾಯಿ ಬಿಟ್ಟುಹೋದಳು ಎಂದೇ ನಂಬಿ ಬಾಳಿದ ಅಪ್ಪನ ಕೈಕೆಳಗೆ ಅವರು ಬೆಳೆದಿದ್ದಾರೆ. ಆಕೆಯನ್ನು ಕೇಳದೆಯೇ ಮಗನನ್ನು ಬೇರೆಯವರ ಪಾಲಿಗೆ ಕೊಡುವ ಕಾನೂನು ಆಗ ಇತ್ತು ಎಂದು ಅವರಿಗೆ ಯಾರೂ ಹೇಳಿಲ್ಲ. ವರ್ದಿಯನ್ನು ಅವರ ಕೈಗೇ ಕೊಡಿ. ಹೆಬ್ಬೆಟ್ಟಿನ ಪಕ್ಕದ ಹೆಸರನ್ನು ಅವರೇ ಓದಲಿ.